ಪೋರ್ಟ್ ಭಾವ

ಸಿಮ್ ಪಂಡಿತರಿಲ್ಲದ ಊರಿಲ್ಲ. ಗುಂಡ್ಲುಪೇಟೆಯ ಪಂಡಿತರಲ್ಲಿ ನನ್ನ ಪಾಲಿಗೆ ಬಂದವರು ಅಕ್ಕನ ಗಂಡ. ಎರಡು ಫೋನು, ನಾಲ್ಕು ಸಿಮ್ಮು, ಸಿಮ್ ಟ್ರೇ ಎಬ್ಬಲು ಜೇಬಿಗೆ ಸಿಕ್ಕಿಸಿಕೊಂಡ ಒಂದು ಗುಂಡುಪಿನ್ನು. ಮನೆಗೆ ಬಂದವರನ್ನು ಬೇರೆಯವರು ಊಟ ಆಯ್ತಾ ಅಂತ ಕೇಳಿದರೆ ಭಾವ ಕೇಳುವುದು, "ನಿಮ್ದು ಎಷ್ಟು ಕಡ್ಡಿ ತೋರಿಸ್ತಾ ಅದೆ?"

ಅವರನ್ನು ಪೂರ್ತಿ ದೂರುವಂತೆಯೂ ಇಲ್ಲ. ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿ ಹತ್ತಿರ ಹತ್ತಿರ ಅರ್ಧ ಕಾಡು. ಒಂದು ಕಡೆ ಕೇರಳ, ಇನ್ನೊಂದು ಕಡೆ ತಮಿಳುನಾಡು. ನಾವು ಗಡಿ ದಾಟುವ ಮೊದಲೇ ಫೋನು ದಾಟಿಬಿಟ್ಟಿರುತ್ತದೆ. ಅಧಿಕಾರ ಹೋದೀತೆಂದು ಹೆದರಿ ಮುಖ್ಯಮಂತ್ರಿಗಳು ಚಾಮರಾಜನಗರದ ಕಡೆ ತಲೆಹಾಕದ ಕಾಲವೊಂದಿತ್ತು. 2013ರಲ್ಲಿ ಗದ್ದುಗೆ ಏರಿದ ಸಿದ್ದರಾಮಯ್ಯನವರು ಬಂದರು, ಮತ್ತೆ ಮತ್ತೆ ಬಂದರು, ಐದು ವರ್ಷವನ್ನೂ ಪೂರೈಸಿದರು. ಸಿಗ್ನಲ್ಲಿಗೆ ಮಾತ್ರ ಆ ಧೈರ್ಯ ಇನ್ನೂ ಪೂರ್ತಿ ಬಂದಿಲ್ಲ.

ನಂಬರು ಉಳಿಸಿಕೊಂಡು ಕಂಪನಿ ಬದಲಾಯಿಸುವ 'ಪೋರ್ಟ್' ಸೌಲಭ್ಯ ದೇಶಕ್ಕೆಲ್ಲ ಬಂದದ್ದು 2011ರ ಜನವರಿ 20ಕ್ಕೆ. ಅಕ್ಕ ಆ ದಿನಕ್ಕೆ ಇವತ್ತೂ ಶಾಪ ಹಾಕುತ್ತಾಳೆ. 1900ಕ್ಕೆ ಒಂದು ಮೆಸೇಜು, ಮರುಕ್ಷಣ ಎಂಟು ಅಕ್ಷರದ ಕೋಡು, ಅಂಗಡಿಗೆ ಹೋಗಿ ಆಧಾರ್ ತೋರಿಸಿದರೆ ಹೊಸ ಸಿಮ್ಮು. ಒಂದು ಕಂಪನಿಗೆ ಸೇರಿದ ಮೇಲೆ 90 ದಿನ ಕದಲುವಂತಿಲ್ಲ ಎಂಬ ನಿಯಮ ಒಂದಿರುವುದರಿಂದ ಅವರ ಸಂಸಾರ ಉಳಿದಿದೆ. ಮನೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಣ್ಣಿಮೆಗಿಂತ ಮೊದಲು ಗುರುತಾಗುವುದು ಆ 90ನೆಯ ದಿನ.

ಒಮ್ಮೆ ಐಡಿಯಾ ಬಿಟ್ಟು ವೊಡಾಫೋನಿಗೆ ಹೋದರು. ಹೋಗಿ, ಎರಡರ ನಡುವಿನ ತಾರತಮ್ಯವನ್ನು ಕೇರಿಗೆಲ್ಲ ಬಿಡಿಸಿ ಹೇಳಿದರು. 2018ರ ಆಗಸ್ಟಿನಲ್ಲಿ ಎರಡೂ ಕಂಪನಿ ಒಂದಾದವು. ಅವತ್ತು ಭಾವ ರಾತ್ರಿ ಊಟಕ್ಕೆ ಏಳಲಿಲ್ಲವಂತೆ.

ಲೆಕ್ಕದಲ್ಲಿ ಅವರನ್ನು ಮೀರಿಸುವವರಿಲ್ಲ. "ವರ್ಷಕ್ಕೆ ತಿಂಗಳು ಹನ್ನೆರಡು, ರೀಚಾರ್ಜು ಹದಿಮೂರು. ಹೆಂಗೆ? 28 ದಿನದ ಪ್ಯಾಕು ಹದಿಮೂರು ಸಲ ಹಾಕಿದ್ರೆ 364. ಮಿಕ್ಕಿದ್ದು ಒಂದೇ ದಿನ, ಅವತ್ತು ಮೌನವ್ರತ." ಒಂದಾದರೂ 30 ದಿನದ ಪ್ಯಾಕು ಇಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2022ರಲ್ಲಿ ಆದೇಶ ಮಾಡಿದಾಗ, ಅದು ತಮ್ಮ ಗೊಣಗಾಟ ದೆಹಲಿಗೆ ಮುಟ್ಟಿದ್ದರ ಫಲ ಎಂದು ನಂಬಿದರು. 2024ರ ಜುಲೈನಲ್ಲಿ ಖಾಸಗಿಯವರೆಲ್ಲ ಒಟ್ಟಿಗೆ ದರ ಏರಿಸಿ, ಜಿಯೋದ 155ರ ಪ್ಯಾಕು 189 ಆಗಿ, 239ರದ್ದು 299 ಆದಾಗ, ದರ ಏರಿಸದ ಬಿಎಸ್‌ಎನ್‌ಎಲ್ ಪರವಾಗಿ ಟೀ ಅಂಗಡಿಯಲ್ಲಿ ಅವರು ಮಾಡಿದ ಭಾಷಣಕ್ಕೆ ಸಂಬಳ ಕೊಡುವವರಿದ್ದರೆ ಮಗಳ ಮದುವೆಗೆ ಆಗುತ್ತಿತ್ತು.

ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ಅವರ ಪರೀಕ್ಷೆ.

ಸುಲ್ತಾನ್ ಬತ್ತೇರಿಯ ಒಂದು ಮದುವೆ ಮುಗಿಸಿಕೊಂಡು ಅವರೂ ನಾನೂ ನನ್ನ ಕಾರಿನಲ್ಲಿ ವಾಪಸು ಬರುತ್ತಿದ್ದೆವು. ರಾತ್ರಿ ಒಂಬತ್ತಕ್ಕೆ ಬಂಡೀಪುರದ ಗೇಟು ಬಿದ್ದರೆ ಮತ್ತೆ ತೆಗೆಯುವುದು ಬೆಳಗ್ಗೆ ಆರಕ್ಕೆ. ನನಗೆ ಗೇಟಿನ ಚಿಂತೆ. ಭಾವನಿಗೆ ಯಾವ ಕಂಪನಿಯ ಟವರು ಎಲ್ಲಿಯವರೆಗೆ ಬರುತ್ತದೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವ ಚಿಂತೆ.

"ನಿಧಾನ ಹೋಗು."

"ಭಾವ, ಅಲ್ಲಿ ಆನೆ ನಿಂತಿದೆ."

"ಅದ್ರ ಪಾಡಿಗದು ನಿಂತದೆ ಬುಡು. ಮೂರ್ನೇ ಸಿಮ್ಮಿಗೆ ಒಂದು ಕಡ್ಡಿ ಬಂತು ನೋಡು!"

ಬಂದ ಕಡ್ಡಿ ನಿಜವೋ ಸುಳ್ಳೋ ಗೊತ್ತಾಗಬೇಕಲ್ಲ. ನನ್ನ ನಂಬರಿಗೆ ಕರೆ ಮಾಡಿದರು. ಗಾಡಿ ಓಡಿಸುವವನು ಫೋನ್ ಹಿಡಿಯಬಾರದೆಂಬ ಕಾನೂನಿಗೆ ಗೌರವ ಕೊಟ್ಟು, ನನ್ನ ಫೋನನ್ನು ತಾವೇ ನನ್ನ ಕಿವಿಗೆ ಒತ್ತಿದರು.

"ಹಲೋ, ಕೇಳಿಸ್ತದಾ?"

"ಕೇಳಿಸ್ತದೆ ಭಾವ, ಪಕ್ಕದಲ್ಲೇ ಇದೀನಿ."

"ಹಂಗಲ್ಲ ಕನ, ಫೋನಲ್ಲಿ ಕೇಳಿಸ್ತದಾ?"

ಮೂಲೆಹೊಳೆ ದಾಟುವಷ್ಟರಲ್ಲಿ ನಾಲ್ಕೂ ಸಿಮ್ಮಿನ ಪರೀಕ್ಷೆ ಮುಗಿಯಿತು. ಪಾಸಾದದ್ದು ಒಂದೂ ಇಲ್ಲ. ಗೇಟು ಬೀಳಲು ಇನ್ನೇನು ಕೆಲವೇ ನಿಮಿಷ ಎನ್ನುವಾಗ ಮದ್ದೂರು ಚೆಕ್‌ಪೋಸ್ಟು ಸಿಕ್ಕಿತು. ಆಗ ನನ್ನ ಹಳೆಯ ಒಂಟಿ ಸಿಮ್ಮು ಬಡಿದುಕೊಂಡಿತು. ಅಕ್ಕ. "ನಾಲ್ಕು ನಂಬರಿಗೂ ಮಾಡಿ ಮಾಡಿ ಸಾಕಾಯ್ತು. ಒಂದು ಕನ್ನಡದಲ್ಲಿ ಇಲ್ಲ ಅಂತದೆ, ಒಂದು ಮಲಯಾಳದಲ್ಲಿ ಇಲ್ಲ ಅಂತದೆ, ಒಂದು ಕುಂಯ್ ಅಂತದೆ. ಇನ್ನೊಂದೇನಾಗದೆ?" ಇನ್ನೊಂದು ಪೋರ್ಟ್ ಆಗುತ್ತಿತ್ತು. ಭಾವ ಒಂದು ಚೂರೂ ಅಳುಕಲಿಲ್ಲ. "ಇದು ನಿನ್ ಕಂಪ್ನಿ ಗುಣ ಅಲ್ಲ ಭಾಮೈದ, ಗಾಳಿ ಈ ಕಡೆಗದೆ" ಎಂದು ನೋಟ್‌ಬುಕ್ಕಿನಲ್ಲಿ ಹಾಗೆಯೇ ಬರೆದುಕೊಂಡರು.

ಅದೇ ನೋಟ್‌ಬುಕ್ಕು ಇನ್ನೊಂದು ದಿನ ಹಂಗಳದ ಕಡೆ ಒಬ್ಬ ಅಜ್ಜಿಯ ಮನೆಯಲ್ಲಿ ಬಿಚ್ಚಿಕೊಂಡಿತು. ಅಜ್ಜಿಯ ಮಗ ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಅವಳಿಗೆ ಬೇಕಾದದ್ದು ಅವನ ಕರೆ ಒಂದೇ. ಅವಳ ಕೈಯಲ್ಲಿದ್ದದ್ದು ಕೀಪ್ಯಾಡ್ ಸೆಟ್ಟು. ಅಂಗಡಿಯವನು ಹಾಕುತ್ತಾ ಬಂದದ್ದು ದಿನಕ್ಕೆ ಒಂದೂವರೆ ಜಿಬಿ ಡೇಟಾ ಇರುವ ಪ್ಯಾಕು. ಡೇಟಾ ಬೇಡದವರಿಗೆ ಬರೀ ಮಾತಿನ ಪ್ಯಾಕು ಕೊಡಲೇಬೇಕೆಂದು 2024ರ ಡಿಸೆಂಬರಿನಲ್ಲಿ ಟ್ರಾಯ್ ಹೇಳಿದ್ದು ಅಜ್ಜಿಗೆ ಯಾರು ಹೇಳಬೇಕು? ಭಾವ ಹೇಳಿದರು. ಹೇಳಿ ಸುಮ್ಮನಾಗಲಿಲ್ಲ. "ಮಗನ ಜೊತೆ ಎಲ್ಲಿ ಕೂತ್ಕಂಡು ಮಾತಾಡ್ತಿಯವ್ವ?" ಎಂದು ಕೇಳಿದರು. ಒಲೆಯ ಮುಂದೆ, ರಾತ್ರಿ ಮುದ್ದೆ ತಿರುವುವಾಗ. ಭಾವ ಹೋಗಿ ಒಲೆಯ ಮುಂದೆ ಮಣೆ ಹಾಕಿಕೊಂಡು, ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತ, ನಾಲ್ಕೂ ಸಿಮ್ಮಿನಿಂದ ಕರೆ ಮಾಡಿ ನೋಡಿದರು. ಜಗಲಿಯಲ್ಲಿ ಗೆದ್ದ ಕಂಪನಿ ಒಲೆಯ ಹತ್ತಿರ ಸೋತಿತು. ಒಲೆಯ ಹತ್ತಿರ ಗೆದ್ದದ್ದಕ್ಕೆ ಅಜ್ಜಿಯ ನಂಬರನ್ನು ಪೋರ್ಟ್ ಮಾಡಿಸಿದರು. ಆ ದಿನದ ಮೇಲೆ ನನಗೆ ಅವರನ್ನು ಮನಸಾರೆ ಬೈಯಲು ಆಗುತ್ತಿಲ್ಲ, ಪ್ರಯತ್ನವಂತೂ ಬಿಟ್ಟಿಲ್ಲ.

ಕಂಪನಿಗಳು ನಕ್ಷೆಯಲ್ಲಿ ಜಿಲ್ಲೆಗೆ ಜಿಲ್ಲೆಯನ್ನೇ ಬಣ್ಣ ಬಳಿದು ತೋರಿಸುತ್ತವೆ. ಆ ಬಣ್ಣದಲ್ಲಿ ನಿಮ್ಮ ಅಡುಗೆಮನೆಯ ಗೋಡೆ ಎಷ್ಟು ದಪ್ಪ, ಹಿತ್ತಿಲ ಹಿಂದೆ ಗುಡ್ಡ ಇದೆಯೇ ಎಂಬುದು ಕಾಣುವುದಿಲ್ಲ. ಅಗ್ಗದ ಪ್ಯಾಕು, ಕರೆ ಬಾರದ ಮನೆಯಲ್ಲಿ ದುಬಾರಿಯೇ. ಆದ್ದರಿಂದ ಕಂಪನಿ ಬದಲಾಯಿಸುವ ಮುನ್ನ ಆ ಕಂಪನಿಯ ಸಿಮ್ಮಿರುವ ನೆರೆಯವರನ್ನು ಕರೆದು, ನೀವು ದಿನಾ ಕೂತು ಮಾತಾಡುವ ಜಾಗದಲ್ಲೇ ಕೂರಿಸಿ, ಒಂದು ಲೋಟ ಕಾಫಿ ಕೊಟ್ಟು ಎರಡು ಕರೆ ಮಾಡಿಸಿ ನೋಡಿ. ಆಮೇಲೆ 90 ದಿನ ಹಿಂದಿರುಗುವ ಹಾಗಿಲ್ಲ. ಇಷ್ಟರ ಮೇಲೂ ಅನುಮಾನ ಉಳಿದರೆ ಗುಂಡ್ಲುಪೇಟೆಗೆ ಬಂದು ಭಾವನನ್ನು ಕಾಣಿ. ಫೋನ್ ಮಾಡಬೇಡಿ, ಸಿಗುವುದಿಲ್ಲ, ಮನೆಗೇ ಬನ್ನಿ.