41 ವರ್ಷ ಕಾದವರು

ಕಾಮಿಕ್ಸಿನ ಫ್ಯಾಂಟಮ್ ಡಯಾನಾಳನ್ನು ಕಂಡದ್ದು 1936ರಲ್ಲಿ, ಮದುವೆಯಾದದ್ದು 1977ರಲ್ಲಿ. ಹುಡುಗಿಗೆ ವಿಶ್ವಸಂಸ್ಥೆಯಲ್ಲಿ ನೌಕರಿ. ಹುಡುಗನಿಗೆ ಸ್ವಂತ ಗುಹೆ, ಕುದುರೆ, ಸಾಕಿದ ತೋಳ, ಇಪ್ಪತ್ತು ತಲೆಮಾರಿನ ವಂಶಾವಳಿ. ಆದರೂ 41 ವರ್ಷ ಲಗ್ನ ಕೂಡಿಬರಲಿಲ್ಲ. ಓದುಗರು ಕಾದರು. ಆ ನಡುವೆ ಕೆಲವರು ತಮ್ಮ ಮದುವೆ ಮುಗಿಸಿ, ಮಗಳ ಮದುವೆಯ ಸಾಲವನ್ನೂ ತೀರಿಸಿದರು.

ಇಂಥ ಸಂಯಮದ ಪರಂಪರೆಯಲ್ಲಿ ಬೆಳೆದ ನನ್ನ ಕೈಗೆ ಈಗಿನ ಕಾಮಿಕ್ಸ್ ಕೊಟ್ಟರೆ ಬಿ.ಪಿ. ಏರದೆ ಇರುತ್ತದೆಯೇ? ಸ್ಪೈಡರ್‌ಮ್ಯಾನನನ್ನೇ ನೋಡಿ. 1987ರಲ್ಲಿ ಮೇರಿ ಜೇನಳ ಕೈಹಿಡಿದ. 2007ರಲ್ಲಿ, ಗುಂಡೇಟು ತಿಂದ ದೊಡ್ಡಮ್ಮನ ಪ್ರಾಣ ಉಳಿಸಲು ಮೆಫಿಸ್ಟೋ ಎಂಬ ಪಿಶಾಚಿಯ ಜೊತೆ ಕರಾರು ಮಾಡಿಕೊಂಡ. ಆ ಮದುವೆ ನಡೆದೇ ಇಲ್ಲ ಎಂದಾಯಿತು! ವಕೀಲರಿಲ್ಲ, ವಾಯಿದೆಯಿಲ್ಲ, ಜೀವನಾಂಶವೂ ಇಲ್ಲ. ಮುಯ್ಯಿ ಮಾಡಿದವರ ದುಡ್ಡು ವಾಪಸು ಬಂತೋ ಇಲ್ಲವೋ, ಅದನ್ನು ಯಾವ ಸಂಚಿಕೆಯೂ ಹೇಳಲಿಲ್ಲ.

ಸಾವಿನ ಕತೆ ಇನ್ನೂ ಕೇಡು. 1992ರಲ್ಲಿ ಸೂಪರ್‌ಮ್ಯಾನ್ ಸತ್ತ. ಆ ಸಂಚಿಕೆಯನ್ನು ಕಪ್ಪು ಚೀಲದಲ್ಲಿಟ್ಟು, ತೋಳಿಗೆ ಕಟ್ಟಿಕೊಳ್ಳಲು ಕಪ್ಪುಪಟ್ಟಿಯನ್ನೂ ಸೇರಿಸಿ ಮಾರಿದರು. ಜನ ಸಾಲುಗಟ್ಟಿ ಕೊಂಡು ಸೂತಕ ಆಚರಿಸಿದರು. ವರ್ಷಾಬ್ದಿಕಕ್ಕೆ ಭಟ್ಟರನ್ನು ಗೊತ್ತುಮಾಡುವ ಮೊದಲೇ ಪುಣ್ಯಾತ್ಮ ಎದ್ದುಬಂದ, ಅದೂ ಉದ್ದ ಕೂದಲು ಬಿಟ್ಟುಕೊಂಡು. ಆಮೇಲಿಂದ ಅಲ್ಲಿ ಸಾವೆಂದರೆ ಗಳಿಕೆ ರಜೆ.

ಆಮೇಲೆ ಲೆಕ್ಕದ ತಾಪತ್ರಯ. 1938ರಿಂದ ಬರುತ್ತಿದ್ದ 'ಆಕ್ಷನ್ ಕಾಮಿಕ್ಸ್'ಗೆ 2011ರಲ್ಲಿ ಮತ್ತೆ ಒಂದನೇ ನಂಬರು ಹಾಕಿದರು. ಹೊಸ ಓದುಗರಿಗೆ ಅನುಕೂಲವಾಗಲಿ ಅಂತ. ಐದು ವರ್ಷಕ್ಕೆ ಮನಸ್ಸು ಬದಲಾಗಿ 957 ಅಂದರು. ಸರ್ಕಾರಿ ಕಡತಗಳಿಗೂ ಇಷ್ಟು ಧೈರ್ಯವಿಲ್ಲ. ಫ್ಯಾಂಟಮ್‌ನ ಕತೆ ತರುತ್ತಿದ್ದ ನಮ್ಮ ಇಂದ್ರಜಾಲ ಕಾಮಿಕ್ಸ್ 1964ರಲ್ಲಿ ಹುಟ್ಟಿತು, 1990ರಲ್ಲಿ ನಿಂತಿತು. ಮರ್ಯಾದಸ್ಥರು ಮಾಡುವುದು ಹಾಗೆ.

'ಬಿಳಿಯನೊಬ್ಬ ಮುಸುಕು ಹಾಕಿಕೊಂಡು ಕಾಡಿನವರಿಗೆಲ್ಲ ನ್ಯಾಯ ಹೇಳುತ್ತಾನೆ, ಇದಕ್ಕೆ ಇಷ್ಟೊಂದು ಭಕ್ತಿಯೇ?' ಎಂದು ಮಗಳು ಫ್ಯಾಂಟಮ್‌ನ ಬಗ್ಗೆ ತಕರಾರು ತೆಗೆದಳು. ಅವಳು ಹೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನೆಲ್ಲ ಒಪ್ಪುವ ವಯಸ್ಸು ನನ್ನದಲ್ಲ.

ಇನ್ನು ಕಾರ್ಟೂನು. ಟಿವಿ ಕ್ವಿಜ್ಜಿನಲ್ಲಿ ದೆಹಲಿಯ ಮಕ್ಕಳು ಗ್ರೀಕ್ ದೇವತೆಗಳ ವಿಷಯ ಪಟಪಟ ಹೇಳಿ, ರಾಮನ ತಾಯಿ ಯಾರೆಂದರೆ ಬಾಯಿ ಬಿಟ್ಟದ್ದನ್ನು ಕಂಡು ನಮ್ಮ ಕಾರ್ಕಳದ ಅನಂತ ಪೈ ಕಂಗೆಟ್ಟರು. ಮಕ್ಕಳಿಗೆ ಪುರಾಣ ಕಲಿಸಲೆಂದು 1967ರಲ್ಲಿ ಅಮರ ಚಿತ್ರ ಕಥೆ ಶುರುಮಾಡಿದರು. ಅಷ್ಟೆಲ್ಲ ಆದಮೇಲೆ, ಭೀಮ ಯಾರೆಂದು ನನ್ನ ಮೊಮ್ಮಗನನ್ನು ಕೇಳಿದೆ. ಢೋಲಕ್‌ಪುರದವನು, ಲಡ್ಡು ತಿಂದರೆ ಶಕ್ತಿ ಬರುತ್ತದೆ ಎಂದ. ಕುಂತಿ? ಆ ಹೆಸರಿನವರು ಸೀರಿಯಲ್ಲಿನಲ್ಲಿ ಇಲ್ಲವಂತೆ. ಪಾಪ, ಹೈದರಾಬಾದಿನವರು 2008ರಲ್ಲಿ ಹುಟ್ಟಿಸಿದ ಈ ಕಾರ್ಟೂನು ಭೀಮನಿಗೆ ಹಸ್ತಿನಾಪುರದ ಆಸ್ತಿಯಲ್ಲಿ ಪಾಲು ಕೇಳುವ ಇರಾದೆಯೂ ಇಲ್ಲ.

ಇಷ್ಟನ್ನೂ ಮೊಮ್ಮಗ ಹೇಳಿದ್ದು ಹಿಂದಿಯಲ್ಲಿ. ಡೊರೇಮಾನ್ ಎಂಬ ಜಪಾನಿ ಬೆಕ್ಕು ಬೆಂಗಳೂರಿನ ಮಗುವಿಗೆ ಹಿಂದಿ ಕಲಿಸಿದೆ, ಅದೂ ಸಂಬಳವಿಲ್ಲದೆ. ಡಬ್ಬಿಂಗ್ ಬಂದರೆ ಕನ್ನಡ ಹಾಳಾಗುತ್ತದೆ ಎಂದು ದೊಡ್ಡವರು ದಶಕಗಟ್ಟಲೆ ಬಾಗಿಲು ಕಾದರು. ಮಕ್ಕಳು ರಿಮೋಟ್ ಹಿಡಿದು ಬೇರೆ ಭಾಷೆಗೆ ಹೊರಟುಹೋದರು. ಕನ್ನಡದಲ್ಲಿ ಚಿಂಟು ಟಿವಿ ಇದೆಯಲ್ಲ ಎನ್ನುತ್ತೀರಿ. ಇದೆ. ಅದನ್ನು ಹಿಂದಿಯ ಸಾಲುಸಾಲು ಚಾನೆಲ್ಲುಗಳ ಜೊತೆ ಕುಸ್ತಿಗೆ ಬಿಟ್ಟಿದ್ದೇವೆ. ಅಂದಹಾಗೆ, ದೂರದರ್ಶನದಲ್ಲಿ ಮೋಗ್ಲಿ ಹಿಂದಿ ಮಾತಾಡಿದಾಗ ನನಗೆ ಅದು ಪರಮ ಸುಂದರವಾಗಿ ಕೇಳಿತ್ತು.

ಕನ್ನಡದ ಇಂದ್ರಜಾಲ ಕಾಮಿಕ್ಸ್ ಯಾರ ಅಟ್ಟದಲ್ಲಾದರೂ ಇದ್ದರೆ ರದ್ದಿಗೆ ಹಾಕುವ ಮುನ್ನ ನನಗೊಂದು ಮಾತು ತಿಳಿಸಿ. ಕೇಳಿದಷ್ಟು ಕೊಡುತ್ತೇನೆ. ಮೊಮ್ಮಗನ ಕೈಗೆ ಮಾತ್ರ ಕೊಡಲಾರೆ, ಹರಿದುಬಿಟ್ಟಾನು.