ಛಲೋ ಅದ ಬಿಡ್ರಿ

ಡಚ್ಚರ ಭಾಷೆಯಲ್ಲಿ ‘ಲೆಕ್ಕರ್’ ಅಂತ ಒಂದು ಮಾತಿದೆ. ಊಟ ರುಚಿಯಾದರೆ ಲೆಕ್ಕರ್, ಹವಾ ಹದವಾಗಿದ್ದರೆ ಲೆಕ್ಕರ್, ಮಲಗಲು ಹೊರಟವರಿಗೆ ಸುಖನಿದ್ದೆ ಹಾರೈಸಲಿಕ್ಕೂ ಲೆಕ್ಕರ್. ನಮ್ಮ ಸೇಡಂ, ಚಿತ್ತಾಪುರದ ಕಡೆಯವರು ಇದಕ್ಕೆ ಬೆರಗಾಗುವುದಿಲ್ಲ. ನಮ್ಮಲ್ಲಿ ‘ಛಲೋ’ ಇದೆಯಲ್ಲ!

ಪುಂಡಿಪಲ್ಯ ಛಲೋ ಅದ. ಮಳಿ ಛಲೋ ಆಗ್ಯಾದ. ತೊಗರಿ ಛಲೋ ಬಂದದ. ಶಹಾಬಾದಿನ ಫರಸಿ ಕೊಳ್ಳುವವರು ಕಲ್ಲು ತಿರುವಿ ನೋಡಿ ಹೇಳುವುದೂ ಅದನ್ನೇ, ಕನ್ಯಾ ನೋಡಿಬಂದ ಹಿರಿಯರು ಹೇಳುವುದೂ ಅದನ್ನೇ. ಕಲ್ಲಿನ ಮಾತು ಅಲ್ಲಿಗೇ ಮುಗಿಯುತ್ತದೆ. ಹಿರಿಯರು ಮಾತ್ರ ‘ಮಂದಿ ಛಲೋ ಅದಾರ...’ ಅಂತ ರಾಗ ಎಳೆದು ಎಲೆಗೆ ಸುಣ್ಣ ಸವರತೊಡಗಿದರೋ, ಆ ಸಂಬಂಧ ಕೂಡಲಿಲ್ಲವೆಂದೇ ತಿಳಿಯಬೇಕು.

ಹೊಗಳಿಕೆ ಛಲೋಗೆ ಬರೀ ಉಪಕಸುಬು. ಅದರ ಕೈಚಳಕ ನೋಡಬೇಕಾದದ್ದು ಬೈಗುಳದಲ್ಲಿ. ಚಿಂಚೋಳಿಯ ಕಡೇ ಬಸ್ಸು ಕಣ್ಣೆದುರೇ ಹೋಯಿತೇ? ‘ಛಲೋ ಆತು ನೋಡು!’ ಹಳೇ ಸಾಲ ತೀರಿಸದವನು ಹೊಸದು ಕೇಳಲು ಬಂದನೇ? ‘ಛಲೋ ಅದಿ ಬಿಡು ನೀ!’ ಇನ್ನು ‘ಛಲೋ ಬಡದಾರ’ ಎಂಬಲ್ಲಿ ಬಡಿಸಿಕೊಂಡವನ ಪಾಲಿಗೆ ಛಲೋ ಏನೂ ಇಲ್ಲ.

ವಾಡಿ ಜಂಕ್ಷನ್ನಿನ ಫಜೀತಿ ಬೇರೆ. 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿನಿಂದ ಇಲ್ಲಿಗೆ ಬಂದು ಮುಂಬೈ-ಮದ್ರಾಸಿನ ಹಳಿಯನ್ನು ಕೂಡಿಕೊಂಡಿತು. ಮುಂದೆ ಸಿಮೆಂಟ್ ಕಾರ್ಖಾನೆಯೂ ಬಂತು, ಅದರ ಬೆನ್ನಿಗೆ ಹತ್ತು ಊರಿನ ಮಂದಿಯೂ ಬಂದರು. ಗಾಡಿ ನಿಂತ ಕೂಡಲೇ ಹಿಂದಿಯವರು ‘ಚಲೋ, ಚಲೋ’ ಅಂತ ಹಿಂದಿನಿಂದ ನೂಕುತ್ತಾರೆ. ಗಂಟು ಹೊತ್ತ ನಮ್ಮ ಮುದುಕಿ ತಿರುಗಿ ಕೇಳುತ್ತಾಳೆ: ‘ಎಲ್ಲಿ ಛಲೋ ಅದನೋ ಯಪ್ಪಾ, ಕೂಡಲಿಕ್ಕ ಜಾಗಾ ಇಲ್ಲ!’

ಸೇಡಂ ತಾಲ್ಲೂಕಿನ ಮಳಖೇಡವೇ ಹಿಂದೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. 9ನೇ ಶತಮಾನದಲ್ಲಿ ಅಮೋಘವರ್ಷನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಆಗಲೇ ಎಚ್ಚರಿಸಿತ್ತು: ದೇಸಿ ಊರಿಗೊಂದು ಬಗೆಯಾದ್ದರಿಂದ, ಕನ್ನಡಗಳ ದೋಷ ಎಣಿಸಲು ಕೂತರೆ ವಾಸುಕಿಗೂ ಬೇಸರ ಬಂದೀತು ಅಂತ. ಬೆಂಗಳೂರಿನಿಂದ ವರ್ಗವಾಗಿ ಬರುವ ಅಧಿಕಾರಿಗಳಿಗೆ ಈ ಬೇಸರದ ಕಾಟವಿಲ್ಲ. ಅರ್ಜಿ ಹಿಡಿದು ಮೂರನೇ ಸಲ ಬಂದವರು ಹೊರಗೆ ಹೋಗುತ್ತ, ‘ಸಾಹೇಬರು ಭಾಳ ಛಲೋ ಅದಾರ ಬಿಡ್ರಿ’ ಎಂದದ್ದು ಕಿವಿಗೆ ಬಿದ್ದರೆ, ಅವತ್ತು ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಸಿಕೊಳ್ಳುತ್ತಾರೆ.