ಪ್ರಶ್ನೆಪತ್ರಿಕೆ ಯಂತ್ರದ್ದು, ಕೀ ಆನ್ಸರ್ ಯಾರದ್ದು?

“ಇನ್ಮೇಲೆ ಟೆಸ್ಟ್ ಬರೆಯೋ ಕೆಲಸ ನಮಗಿಲ್ಲ ಮೇಷ್ಟ್ರೇ, ಯಂತ್ರವೇ ಬರ್ಕೊಳ್ಳತ್ತೆ” ಎಂದ ಪಕ್ಕದ ಮನೆಯ ಹುಡುಗ, ಕಾಂಪೌಂಡಿನ ಆಚೆಯಿಂದ. ಸಾಫ್ಟ್‌ವೇರ್ ಟೆಸ್ಟಿಂಗಿನವನು.

“ಹಾಗಾದ್ರೆ ಸಂಬಳ ಯಾರಿಗಪ್ಪಾ, ನಿನಗೋ ಯಂತ್ರಕ್ಕೋ?”

ನಕ್ಕ. ಆದರೆ ಸ್ವಲ್ಪವೇ ನಕ್ಕ.

ಯಂತ್ರದ ಕೈಲಿ ಟೆಸ್ಟ್ ಮಾಡಿಸುವ ಈ ವಿದ್ಯೆ ನಿನ್ನೆ ಮೊನ್ನೆಯದಲ್ಲವಂತೆ. 1988ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬಾರ್ಟನ್ ಮಿಲ್ಲರ್ ಎಂಬ ಪ್ರೊಫೆಸರು, ಗುಡುಗು ಮಳೆಯ ರಾತ್ರಿ, ಮನೆಯಿಂದಲೇ ಫೋನ್ ಲೈನಿನಲ್ಲಿ ಯೂನಿವರ್ಸಿಟಿ ಕಂಪ್ಯೂಟರಿಗೆ ಜೋಡಿಸಿಕೊಂಡು ಕೂತಿದ್ದರು. ಲೈನು ಕೆಟ್ಟು, ಟೈಪ್ ಮಾಡಿದ್ದರ ನಡುವೆ ಏನೇನೋ ಅಕ್ಷರ ತೂರಿಕೊಂಡು ಪ್ರೋಗ್ರಾಮುಗಳು ಮಕಾಡೆ ಬಿದ್ದವು. ನಾನಾಗಿದ್ದರೆ ಟೆಲಿಫೋನಿನವರನ್ನು ಬೈದು ಮಲಗುತ್ತಿದ್ದೆ. ಆತ ಅದನ್ನೇ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಮಾಡಿಕೊಟ್ಟರು: ಬಾಯಿಗೆ ಬಂದ ಅಕ್ಷರ ತುರುಕಿ, ಯಾವುದು ಬೀಳತ್ತೋ ನೋಡಿ! ಫಲಿತಾಂಶ 1990ರಲ್ಲಿ ಅಚ್ಚಾಯಿತು. ಪರೀಕ್ಷೆಗೆ ಕೂತ ಯೂನಿಕ್ಸ್ ವ್ಯವಸ್ಥೆಯ ಪ್ರೋಗ್ರಾಮುಗಳಲ್ಲಿ ಸುಮಾರು ಕಾಲುಭಾಗದಿಂದ ಮೂರನೇ ಒಂದು ಭಾಗ ನಪಾಸು. ಫಜ್ ಟೆಸ್ಟಿಂಗ್ ಹುಟ್ಟಿದ್ದು ಹಾಗೆ.

“ಸರ್ವರಿಗೆ ಹಾಗೆ ಕಸ ಎರಚಿದ್ರೆ ಬಾಗಿಲಲ್ಲೇ ತಳ್ಳಿಬಿಡತ್ತೆ ಮೇಷ್ಟ್ರೇ.” ಅಲ್ಲಿ ಎಲ್ಲಕ್ಕೂ ಕ್ರಮವುಂಟು. ಮೊದಲು ಲಾಗಿನ್, ಆಮೇಲೆ ಬುಕಿಂಗ್. ಅದು ಕೊಟ್ಟ ನಂಬರ್ ಹಿಡಿದುಕೊಂಡು ಹೋದರೇ ಕ್ಯಾನ್ಸಲ್. ಮೈಕ್ರೋಸಾಫ್ಟ್ ಸಂಶೋಧಕರ ರೆಸ್ಟ್‌ಲರ್ ಎಂಬ ಸಾಧನ ಸರ್ವರಿಗೆ ಏನೇನು ಹೇಗೆ ಕೇಳಬಹುದೆಂಬ ಎಪಿಐ ವಿವರಣೆ ಓದಿ, ಯಾವುದರ ಉತ್ತರ ಯಾವುದಕ್ಕೆ ಬೇಕೆಂದು ತಾನೇ ಊಹಿಸಿ, ಕೋರಿಕೆಗಳ ಸರಣಿ ಹೆಣೆಯುತ್ತದೆ. ಸರ್ವರ್ ತಡವರಿಸಿ 500, ಒಳಗೇ ಏನೋ ಕೆಟ್ಟಿತು, ಎಂದರೆ ಕಳ್ಳ ಸಿಕ್ಕಿಬಿದ್ದ. ಕ್ಯಾನ್ಸಲ್ ಆದದ್ದನ್ನೇ ಮತ್ತೆ ಕ್ಯಾನ್ಸಲ್ ಮಾಡುವಂಥ ತರಲೆಗಳನ್ನು ಬೇಸರವಿಲ್ಲದೆ ಮಾಡಲು ಯಂತ್ರವೇ ಸರಿ.

“ಎರಡು ಸಲ ಕ್ಯಾನ್ಸಲ್ ಮಾಡಿದ್ದಕ್ಕೆ ಎರಡು ಸಲ ದುಡ್ಡು ವಾಪಸ್ ಕೊಟ್ಟು, 200, ಎಲ್ಲ ಸರಿ ಅಂದುಬಿಟ್ರೆ?”

ಹುಡುಗ ಕಾಫಿ ಲೋಟ ಗೋಡೆಯ ಮೇಲಿಟ್ಟ. “ಅದೇ ನೋಡಿ ಮೇಷ್ಟ್ರೇ ಕಷ್ಟ.”

ಪ್ರಶ್ನೆಪತ್ರಿಕೆ ಎಷ್ಟು ಬೇಕಾದರೂ ತೆಗೆಯಬಹುದು, ಕೀ ಆನ್ಸರ್ ಇಲ್ಲದೆ ಪೇಪರ್ ತಿದ್ದುವುದು ಹೇಗೆ? ಈವತ್ತು ಸರ್ವರ್ ಹೇಳಿದ್ದನ್ನೇ ರೆಕಾರ್ಡ್ ಮಾಡಿ ಸರಿಯುತ್ತರ ಎನ್ನುವ ಪದ್ಧತಿಯೂ ಇದೆಯಂತೆ. ಆಗ ತಪ್ಪಿಗೇ ಪಟ್ಟಾಭಿಷೇಕ. ನಾಳೆ ಯಾರೋ ಪುಣ್ಯಾತ್ಮ ಆ ತಪ್ಪು ತಿದ್ದಿದರೆ ಟೆಸ್ಟ್ ಫೇಲು! ಈಗಂತೂ ಕೋಡ್ ಬರೆದ ಎಐಯೇ ಟೆಸ್ಟನ್ನೂ ಬರೆಯುತ್ತದೆ. ಉತ್ತರ ಬರೆದ ಹುಡುಗನಿಗೇ ಕೆಂಪು ಪೆನ್ನು ಕೊಟ್ಟವರನ್ನು ನಮ್ಮ ಸ್ಕೂಲಿನಲ್ಲಿ ನಾನು ಕಾಣಲಿಲ್ಲ.

ಟಿಕೆಟ್ ಕ್ಯಾನ್ಸಲ್ ಮಾಡಿದ ಮೇಲೆ ಎಷ್ಟು ಸಲ ದುಡ್ಡು ಹಿಂದಿರುಗಬೇಕೆಂದು ಗೊತ್ತಿರುವವನೊಬ್ಬ ಆಫೀಸಿನಲ್ಲಿ ಇರಲೇಬೇಕು. ಹುಡುಗನ ಸಂಬಳಕ್ಕೆ ಸದ್ಯಕ್ಕೆ ಮೋಸವಿಲ್ಲ.